ಮೌಸ್ ಮುಟ್ಟಬೇಡಿ

ಚನ್ನಗಿರಿ ಬಸ್ ನಿಲ್ದಾಣದ ಹತ್ತಿರ ಒಂದು ಬೇಕರಿಯ ಮಹಡಿಯಲ್ಲಿ ನನ್ನದೊಂದು ಕೋಣೆ ಇದೆ. ಬೋರ್ಡು ಹಾಕಿಲ್ಲ. ಬೇಕಾದವರು ಬೇಕರಿಯವರನ್ನು ಕೇಳಿಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ಅಂಗಡಿಗಳ ಕಂಪ್ಯೂಟರಿಗೆ ಬಿಲ್ಲು ಹಾಕುವ ಪ್ರೋಗ್ರಾಂ ಕೂರಿಸಿಕೊಡುವುದು, ಅದು ಕೈಕೊಟ್ಟಾಗ ಸರಿ ಮಾಡುವುದು ನನ್ನ ಕೆಲಸ. ಹೊನ್ನಾಳಿಯ ಬಟ್ಟೆ ಅಂಗಡಿಯವರು, ನ್ಯಾಮತಿಯ ಹಾರ್ಡ್‌ವೇರ್ ಅಂಗಡಿಯವರು, ಸಂತೇಬೆನ್ನೂರಿನ ಕಿರಾಣಿಯವರು, ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ನಾನು ‘ಕಂಪ್ಯೂಟರ್‌ನೋರು’. ಫೋನಿನಲ್ಲೂ ಹಾಗೇ ಬರೆದುಕೊಂಡಿರುತ್ತಾರೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದರಲ್ಲಿ ಅದರ ಪಾಲು ದೊಡ್ಡದಿದೆ. ಮೊದಲೆಲ್ಲ ಯಾರಾದರೂ “ಪ್ರಿಂಟ್ ಬರ್ತಿಲ್ರಿ” ಎಂದು ಫೋನ್ ಮಾಡಿದರೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಜಗಳೂರಾದರೆ ದಾವಣಗೆರೆಗೆ ಹೋಗಿ ಇನ್ನೊಂದು ಬಸ್ಸು ಹಿಡಿಯಬೇಕು. ಹೋಗಿ ನೋಡಿದರೆ ಪ್ರಿಂಟರಿನ ವೈರು ಕಳಚಿ ಕೆಳಗೆ ಬಿದ್ದಿರುತ್ತಿತ್ತು. ಅದನ್ನು ಚುಚ್ಚಿ, ಅವರು ಕೊಟ್ಟ ಟೀ ಕುಡಿದು, ಒಂದಿಷ್ಟು ಬೈದು ವಾಪಸು ಬರುವಷ್ಟರಲ್ಲಿ ದಿನವೇ ಮುಗಿದಿರುತ್ತಿತ್ತು.

ಲಾಕ್‌ಡೌನ್ ಬಂದು ಬಸ್ಸು ನಿಂತಿತಲ್ಲ, ಆಗ ನಾನು ಎಲ್ಲರ ಕಂಪ್ಯೂಟರಿಗೂ ಇನ್ನೊಂದು ಪ್ರೋಗ್ರಾಂ ಹಾಕಿಸಿದೆ. ಅದನ್ನು ತೆರೆದರೆ ಒಂದು ನಂಬರ್ ಬರುತ್ತದೆ. ಆ ನಂಬರನ್ನು ಅವರು ಫೋನಿನಲ್ಲಿ ಹೇಳಿದರೆ ಸಾಕು, ಅವರ ಪರದೆ ಚನ್ನಗಿರಿಯ ನನ್ನ ಕೋಣೆಯಲ್ಲಿ ಕಾಣುತ್ತದೆ. ನಾನು ಇಲ್ಲಿ ಕೈ ಆಡಿಸಿದರೆ ಅಲ್ಲಿ ಮೌಸಿನ ಬಾಣ ಓಡಾಡುತ್ತದೆ. ಲಾಕ್‌ಡೌನ್ ಮುಗಿದ ಮೇಲೂ ಇದೇ ರೂಢಿಯಾಯಿತು. ಬಸ್ಸಿನ ಖರ್ಚು ಉಳಿಯಿತು, ಸೊಂಟ ನೋವೂ ಕಡಿಮೆಯಾಯಿತು.

ಆದರೆ ಪ್ರತಿ ಸಲವೂ ಅದನ್ನು ಹೇಳಿಕೊಡುವುದಿತ್ತಲ್ಲ, ಅದು ನನ್ನ ತಲೆ ತಿನ್ನುತ್ತಿತ್ತು. “ಯಾವುದು ಒತ್ಲಿ?” “ಕೆಂಪುದು.” “ಕೆಂಪುದು ಎಲ್ಲೈತ್ರಿ?” ಹೀಗೆ ಅರ್ಧ ಗಂಟೆ. ಕೊನೆಗೆ ಕೆಳಗಿನ ಬೇಕರಿಯಿಂದ ಖಾಲಿ ಸ್ವೀಟ್ ಬಾಕ್ಸುಗಳನ್ನು ತಂದು, ಮುಚ್ಚಳ ಕತ್ತರಿಸಿ, ಒಳಗಿನ ಬಿಳಿ ಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ನಾಲ್ಕು ಸಾಲು ಬರೆದೆ. ಕೆಂಪು ಗುರುತು ಒತ್ತಿ. ಬಂದ ನಂಬರ್ ಫೋನಿನಲ್ಲಿ ಹೇಳಿ. ‘ಒಪ್ಪಿಗೆ’ ಒತ್ತಿ. ಮೌಸ್ ಮುಟ್ಟಬೇಡಿ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ನಾನು ಇಲ್ಲಿಂದ ಬಾಣ ಎಡಕ್ಕೆ ಎಳೆದರೆ ಅವರು ಅಲ್ಲಿಂದ ಬಲಕ್ಕೆ ಎಳೆಯುತ್ತಿದ್ದರು, ಅದಕ್ಕೆ. ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲಿ ನನ್ನ ಗಿರಾಕಿಗಳ ಕಂಪ್ಯೂಟರ್ ಪಕ್ಕದ ಗೋಡೆಗೆ ಆ ರಟ್ಟು ಅಂಟಿಕೊಂಡಿತು. ನನಗೆ ನನ್ನ ಬುದ್ಧಿಯ ಬಗ್ಗೆ ಬಹಳ ಹೆಮ್ಮೆಯಾಗಿತ್ತು.

ಜಗಳೂರಿನಲ್ಲಿ ಒಂದು ಬಿತ್ತನೆ ಬೀಜದ ಅಂಗಡಿ ಇದೆ. ಮೆಕ್ಕೆಜೋಳ, ಶೇಂಗಾ, ತೊಗರಿ, ಈರುಳ್ಳಿ ಬೀಜ ಮಾರುತ್ತಾರೆ. ಅಂಗಡಿ ಹಾಕಿದವರು ಒಬ್ಬ ಯಜಮಾನರು. ಮಂಡಿ ಹಿಡಿದುಕೊಂಡ ಮೇಲೆ ಅವರು ಗಲ್ಲಾ ಬಿಟ್ಟು ಅಂಗಡಿ ಮುಂದಿನ ಬೆಂಚಿಗೆ ಬಂದರು. ಗಲ್ಲಾದಲ್ಲಿ ಮಗಳು ಕೂತರು. ಆಕೆಗೆ ನಲವತ್ತರ ಹತ್ತಿರ ವಯಸ್ಸು. ಮದುವೆ ಮುರಿದು ತವರಿಗೆ ಬಂದವರು, ಆ ಅಂಗಡಿಯನ್ನೇ ಹಿಡಿದು ನಿಂತವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಯಾವ ಬೀಜ ಎಂಥ ನೆಲಕ್ಕೆ, ಎಷ್ಟು ಮಳೆಗೆ ಎಂದು ಗಡ್ಡ ಬೆಳ್ಳಗಾದ ರೈತರೂ ಆಕೆಯನ್ನು ಕೇಳಿ ಹೋಗುತ್ತಿದ್ದರು. ಆದರೂ ಯಜಮಾನರಿಗೆ ಒಂದು ಅನುಮಾನ ಉಳಿದೇ ಇತ್ತು. ಹೆಣ್ಣುಮಗಳು, ಮೇಲಾಗಿ ಈ ಕಂಪ್ಯೂಟರ್ ಬೇರೆ. ದಾವಣಗೆರೆಯ ಒಬ್ಬ ವ್ಯಾಪಾರಿ ಅಂಗಡಿಯನ್ನು ಬಾಡಿಗೆಗೆ ಕೇಳುತ್ತಲೇ ಇದ್ದ. “ನೋಡಾಣ” ಎಂದು ಯಜಮಾನರು ಅವನನ್ನು ಕಾಯಿಸಿಟ್ಟಿದ್ದರು. ಅವನಿಗೆ ಹೂಂ ಅಂದ ದಿನ ಅಕ್ಕನ ಕುರ್ಚಿ ಹೋಗುತ್ತದೆ. ಅದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೀಜದ ಅಂಗಡಿಯಲ್ಲಿ ಬಿಲ್ಲು ಅಂದರೆ ಬರೀ ಬಿಲ್ಲಲ್ಲ. ಪ್ರತಿ ಚೀಲದ ಮೇಲೂ ಆ ಬೀಜ ಯಾವ ಕಂತಿನದು ಎಂದು ಹೇಳುವ ಲಾಟ್ ನಂಬರ್ ಇರುತ್ತದೆ. ಯಾವ ರೈತನಿಗೆ ಯಾವ ಲಾಟಿನ ಬೀಜ ಹೋಯಿತು ಎನ್ನುವುದು ಬಿಲ್ಲಿನಲ್ಲಿ ಬರಬೇಕು. ನಾಳೆ ಬೀಜ ಮೊಳೆಯದಿದ್ದರೆ ಕಂಪನಿಯವರ ಮುಂದೆ ರೈತನ ಪರವಾಗಿ ಮಾತಾಡುವುದು ಆ ನಂಬರೊಂದೇ. ಅಕ್ಕ ಮೊದಲು ಅದನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. “ಕಂಪ್ಯೂಟರ್ ಇರುವಾಗ ಇದ್ಯಾತಕ್ಕೆ ಎರಡೆರಡು ಕೆಲಸ?” ಎಂದು ಬಿಡಿಸಿದವನು ನಾನೇ.

ಆ ವರ್ಷ ರೋಹಿಣಿ ಮಳೆ ಚೆನ್ನಾಗಿ ಬಿತ್ತು. ಜಗಳೂರಿನಲ್ಲಿ ಮಳೆ ಬಿತ್ತೆಂದರೆ ಬೀಜದ ಅಂಗಡಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ನಾನು ಅವತ್ತು ನ್ಯಾಮತಿಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಜಿನ ಕೆಳಗೆ ಮೊಳಕಾಲೂರಿ, ಇಲಿ ಕಡಿದ ವೈರು ಹುಡುಕುತ್ತಿದ್ದೆ. ಬೆಳಗ್ಗೆಯಿಂದ ಅಕ್ಕ ಎರಡು ಸಲ ಫೋನ್ ಮಾಡಿದ್ದರು. ಒಮ್ಮೆ ಅಕ್ಷರ ದೊಡ್ಡದಾಗಿ ಬರುತ್ತಿದೆ ಎಂದು, ಇನ್ನೊಮ್ಮೆ ಸಣ್ಣದಾಗಿ ಬರುತ್ತಿದೆ ಎಂದು. ಎರಡನೆಯ ಸಲ ನಾನು, “ಅಕ್ಕ, ನಾಕು ವರ್ಷ ಆತು, ಇಷ್ಟೂ ತಿಳಿಯಲ್ವೇನ್ರಿ?” ಎಂದು ಗದರಿದ್ದೆ. ಮೂರನೆಯ ಸಲ ಫೋನ್ ಬಂದಾಗ ಹೆಸರು ನೋಡಿದೆ. ನೋಡಿ, ಫೋನನ್ನು ಬೋರಲು ಹಾಕಿದೆ. ಅದು ಇನ್ನೊಮ್ಮೆ ಗುಂಯ್‌ಗುಟ್ಟಿತು. ಊಟ ಆದ ಮೇಲೆ ಮಾಡಿದರಾಯಿತು ಅಂದುಕೊಂಡೆ.

ಅಲ್ಲಿ ಆಗಿದ್ದನ್ನು ಆಮೇಲೆ ಅಕ್ಕನ ಬಾಯಿಂದಲೇ ತುಂಡು ತುಂಡಾಗಿ ಕೇಳಿದೆ. ಯಾವುದೋ ಕಂಪನಿಯ ಮೆಕ್ಕೆಜೋಳದ ದರಪಟ್ಟಿ ಹುಡುಕುತ್ತಿದ್ದಾಗ ಇದ್ದಕ್ಕಿದ್ದಂತೆ ಪರದೆ ತುಂಬಾ ಕೆಂಪಾಗಿ, ಆಂಬುಲೆನ್ಸಿನ ಹಾಗೆ ಕೂಗತೊಡಗಿತಂತೆ. ಕಂಪ್ಯೂಟರಿಗೆ ವೈರಸ್ ಬಂದಿದೆ, ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂದು ಅದರ ಮೇಲೆ ಬರೆದಿತ್ತು. ಎದುರಿಗೆ ಇಪ್ಪತ್ತು ಮಂದಿ ರೈತರು. ಬೆಂಚಿನಿಂದ ಅಪ್ಪ, “ಏನೇ ಅದು ಬಾಯಿ ಬಡ್ಕಳಾಕೆ ಹತ್ತೈತೆ?” ಎಂದು ಕೇಳಿದರು. ಅಕ್ಕ ನನಗೆ ಎರಡು ಸಲ ಮಾಡಿದರು. ನಾನು ಎತ್ತಲಿಲ್ಲ. ಪರದೆಯ ಮೇಲಿದ್ದ ನಂಬರಿಗೆ ಮಾಡಿದರು. ಅವನು ಮೊದಲನೆಯ ರಿಂಗಿಗೇ ಎತ್ತಿದ.

“ನಮಸ್ಕಾರ ಮೇಡಂ, ಗಾಬರಿಯಾಗಬೇಡಿ, ನಾನಿದ್ದೀನಿ” ಅಂದನಂತೆ. ಕನ್ನಡದಲ್ಲೇ. ಕಂಪ್ಯೂಟರ್ ಕಂಪನಿಯ ಸಪೋರ್ಟ್ ವಿಭಾಗದವನು ಎಂದು ಹೇಳಿಕೊಂಡ. ಒಂದು ಪ್ರೋಗ್ರಾಂ ಹಾಕಿಕೊಳ್ಳಬೇಕಲ್ಲ ಎನ್ನುತ್ತ ಅವನು ಅದರ ಹೆಸರು ಹೇಳಿದ. ಅಕ್ಕ, “ಅದು ನಮ್ಮಲ್ಲಿ ಐತ್ರಿ” ಅಂದರು. ಅವನಿಗೆ ಎಷ್ಟು ಖುಷಿಯಾಗಿರಬೇಕು! ಮುಂದಿನದನ್ನು ಅವನು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಅಕ್ಕ ಗೋಡೆಯ ರಟ್ಟು ನೋಡಿಕೊಂಡು ಕೆಂಪು ಗುರುತು ಒತ್ತಿದರು, ನಂಬರ್ ಹೇಳಿದರು, ಒಪ್ಪಿಗೆ ಒತ್ತಿದರು. ಆಮೇಲೆ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತರು.

ಬಾಣ ತಾನಾಗಿ ಓಡಾಡತೊಡಗಿತು. ಅದು ಅಕ್ಕನಿಗೆ ಹೊಸದಲ್ಲ, ನಾಲ್ಕು ವರ್ಷದಿಂದ ನೋಡಿದ್ದೇ. ಕಂಪ್ಯೂಟರಿನ ಪಾಸ್‌ವರ್ಡು ಬದಲಾಯಿತು. ಕೊನೆಗೆ ಬ್ಯಾಂಕಿನ ಪುಟ ತೆರೆದುಕೊಂಡಿತು. “ವೈರಸ್ ಬ್ಯಾಂಕಿಗೂ ಹೋಗಿದೆಯಾ ನೋಡೋಣ ಮೇಡಂ. ಪಾಸ್‌ವರ್ಡ್ ನನಗೆ ಹೇಳಬೇಡಿ, ನೀವೇ ಒತ್ತಿ” ಎಂದ. ಹೇಳಬೇಡಿ ಅಂದನಲ್ಲ, ಇವನು ನಂಬಿಕಸ್ಥ ಎಂದು ಅಕ್ಕನಿಗೆ ಅನ್ನಿಸಿತು. ಕೀಲಿಮಣೆಯ ಮೇಲೆ ಕೈ ಇಟ್ಟರು.

ಕರೆಂಟು ಹೋಯಿತು.

ಕರೆಂಟು ಹೋದರೂ ಕಂಪ್ಯೂಟರ್ ಓಡಿಸುವ ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಬದಲಾಯಿಸಿ ಎಂದು ನಾನು ನಾಲ್ಕು ಸಲ ಬೈದಿದ್ದೆ. ಆಕೆ ನನ್ನ ಮಾತು ಕೇಳದಿದ್ದದ್ದು ಅದೊಂದೇ ವಿಷಯದಲ್ಲಿ, ಆಕೆಯನ್ನು ಉಳಿಸಿದ್ದೂ ಅದೊಂದೇ.

ಅವನು ಬಿಡಲಿಲ್ಲ. ಐದೈದು ನಿಮಿಷಕ್ಕೆ ಫೋನ್ ಮಾಡಿ “ಕರೆಂಟ್ ಬಂತಾ ಮೇಡಂ?” ಎಂದು ಕೇಳುತ್ತಿದ್ದ. ನಾಲ್ಕನೆಯ ಸಲ, ಶೇಂಗಾ ಬೀಜಕ್ಕೆ ಬಂದು ನಿಂತಿದ್ದ ಒಬ್ಬ ಅಜ್ಜ ಅಕ್ಕನನ್ನು ಕೇಳಿದರು. “ಅಲ್ಲವ್ವಾ, ಕರೆಂಟ್ ಹೋದ್ರೆ ನಮ್ಮೂರ ಲೈನ್‌ಮನ್ನೇ ಫೋನ್ ಎತ್ತಲ್ಲ. ಇವ್ನ್ಯಾರು, ನಿಮ್ಮ ಕರೆಂಟಿನ ಮ್ಯಾಲೆ ಇಷ್ಟು ಕಕ್ಕುಲಾತಿ?” ಆಗ ಅಕ್ಕನಿಗೆ ಮೋಸ ಹೊಳೆಯಿತು. ಕೂಡಲೇ ಬ್ಯಾಂಕಿಗೆ ಹೋಗಿ ಖಾತೆಯನ್ನು ತಡೆಹಿಡಿಸಿದರು. ಖಾತೆಯಿಂದ ಏನೂ ಹೋಗಿರಲಿಲ್ಲ. ಸಂಜೆ ಕರೆಂಟು ಬಂದಾಗ ಕಂಪ್ಯೂಟರ್ ಆಕೆಗೆ ಗೊತ್ತಿಲ್ಲದ ಪಾಸ್‌ವರ್ಡು ಕೇಳಿತು. ಆಮೇಲೆ ನನ್ನ ಫೋನ್ ಮತ್ತೆ ಗುಂಯ್‌ಗುಟ್ಟಿತು. ಊಟ ಆದ ಮೇಲೆ ಮಾಡಬೇಕೆಂದದ್ದು ಮರೆತೇ ಹೋಗಿತ್ತು. ಆಗ ಎತ್ತಿದೆ.

ಮರುದಿನ ಮೊದಲ ಬಸ್ಸಿಗೆ ಹೊರಟೆ. ಜಗಳೂರು ಮುಟ್ಟುವ ಹೊತ್ತಿಗೆ ಸುದ್ದಿ ನನಗಿಂತ ಮೊದಲೇ ಊರು ಸುತ್ತಿ ಬಂದಿತ್ತು. ಬೆಂಚಿನ ಮೇಲೆ ಕೂತಿದ್ದ ಯಜಮಾನರು ನನ್ನನ್ನು ಕಂಡು, “ಬರ್ರಿ ಕಂಪ್ಯೂಟರ್‌ನೋರೆ. ನನ್ ಮಗಳು ಕಳ್ಳನ್ನ ಕರ್ದು ಒಳಗ್ ಕುಂದ್ರಿಸ್ಕಂಡ್ಳಂತೆ, ಬಸ್‌ಸ್ಟ್ಯಾಂಡ್‌ನಾಗೆ ಅಂತಾರೆ. ಸಾಕು ಬಿಡ್ರಿ. ದಾವಣಗೆರ್ಯೋನಿಗೆ ಹೂಂ ಅಂದ್ಬಿಡ್ತೀನಿ” ಅಂದರು. ಅಕ್ಕ ಒಳಗೆ ಕೈಬರಹದಲ್ಲಿ ಬಿಲ್ಲು ಬರೆಯುತ್ತಿದ್ದರು. ತಲೆ ಎತ್ತಲಿಲ್ಲ.

ನಾನು ಕೆಲಸಕ್ಕೆ ಕೂತೆ. ಪಾಸ್‌ವರ್ಡು ತೆಗೆಯುವುದು ದೊಡ್ಡ ಮಾತಾಗಿರಲಿಲ್ಲ. ಆದರೆ ಕರೆಂಟು ಹೋದಾಗ ಬಿಲ್ಲಿನ ಪ್ರೋಗ್ರಾಂ ತೆರೆದೇ ಇತ್ತು, ಅದರ ಕಡತ ಕೆಟ್ಟುಹೋಗಿತ್ತು. ನನ್ನ ಹತ್ತಿರ ಇದ್ದ ನಕಲು ಒಂಬತ್ತು ದಿನ ಹಳೆಯದು. ಆ ಒಂಬತ್ತು ದಿನವೇ ಬಿತ್ತನೆಯ ದಿನಗಳು. ಯಾರ ಹೊಲಕ್ಕೆ ಯಾವ ಲಾಟು ಹೋಯಿತೋ ಅಂಗಡಿಯಲ್ಲಿ ಲೆಕ್ಕವೇ ಉಳಿಯಲಿಲ್ಲ.

ಕಂಪ್ಯೂಟರಿನಿಂದ ಮುಖ ತಿರುಗಿಸಿದಾಗ ರಟ್ಟು ಕಾಣಿಸಿತು. ನನ್ನದೇ ಅಕ್ಷರ. ಮೌಸ್ ಮುಟ್ಟಬೇಡಿ, ಕೆಳಗೆ ಎರಡು ಗೆರೆ. ನನಗೆ ಅದುವರೆಗೆ ಹೊಳೆದಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಬರುವಾಗಲೇ ಹೊಳೆದಿತ್ತು. ಆದರೆ ಇದನ್ನು ಬಾಯಿ ಬಿಟ್ಟು ಹೇಳಿದರೆ ನಾಳೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಎಲ್ಲ ಕಡೆಗೂ ಹಬ್ಬುತ್ತದೆ, ನನ್ನನ್ನು ಮತ್ತೆ ಯಾರು ಅಂಗಡಿಯೊಳಗೆ ಬಿಟ್ಟುಕೊಳ್ಳುತ್ತಾರೆ ಎಂಬ ಭಯ. ಯಾರೂ ನೋಡದಿರುವಾಗ ರಟ್ಟು ಕಿತ್ತು ಚೀಲಕ್ಕೆ ತುರುಕಿದೆ.

“ಏನ್ರೀ ಅದು ಕಿತ್ಕಂಡಿದ್ದು?” ಯಜಮಾನರು ಬೆಂಚಿನಿಂದಲೇ ಕೇಳಿದರು. ಮಂಡಿ ಹೋಗಿದ್ದರೂ ಕಣ್ಣು ಚುರುಕಾಗಿತ್ತು.

“ಏನಿಲ್ಲ ಯಜಮಾನ್ರೆ, ಹಳೇ ರಟ್ಟು.”

“ತರ್ರಿ ಇಲ್ಲಿ.”

ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಾಲ್ಕೂ ಸಾಲುಗಳನ್ನು ಬಾಯಿಬಿಟ್ಟು, ಒಂದೊಂದಾಗಿ ಓದಿದರು. ಬೀಜಕ್ಕೆ ಬಂದವರೂ ನಿಂತು ಕೇಳಿದರು. ಓದಿ ಮುಗಿಸಿ ನನ್ನ ಮುಖ ನೋಡಿದರು.

“ಇದು ಯಾರ್ ಬರ್ದಿದ್ದು?”

“ನಾನೇ.”

“ಕಳ್ಳ ಬಂದಾಗ ಇಕಿ ಇದ್ನೇ ಮಾಡಿದ್ಳಾ?”

“ಹೌದ್ರಿ. ಒಂದಕ್ಷರ ಬಿಡದಂಗೆ ಇದ್ನೇ ಮಾಡಿದಾರೆ. ನಾನು ಹೇಳ್ಕೊಟ್ಟಂಗೇ ಮಾಡಿದಾರೆ.” ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ಮುಚ್ಚಿಡುವುದು ನನ್ನಿಂದ ಆಗಲಿಲ್ಲ. “ಮೊದ್ಲು ನಂಗೇ ಫೋನ್ ಮಾಡಿದ್ರು. ನಾನು ನೋಡಿದ್ರೂ ಎತ್ತಲಿಲ್ಲ.”

ಯಜಮಾನರು ಮಗಳ ಕಡೆ ತಿರುಗಿದರು. “ಇದ್ನ ನೀ ಹೇಳಲೇ ಇಲ್ಲಲ್ಲೇ?”

ಅಕ್ಕ ಪೆನ್ನು ಕೆಳಗಿಟ್ಟರು. “ಹೇಳಿ ಏನ್ ಮಾಡ್ಲಪ್ಪ? ಬಟನ್ ಒತ್ತಿದೋಳು ನಾನೇ ತಾನೆ.” ಆಮೇಲೆ ನನ್ನ ಕಡೆ ನೋಡಿ, ಸಿಟ್ಟಿಲ್ಲದೆ ಹೇಳಿದರು: “ಆದ್ರೆ ಒಂದ್ ಮಾತು ಸರ್. ನಿಮಗೆ ಫೋನ್ ಮಾಡ್ಬೇಕು ಅಂದ್ರೆ ನಂಗೆ ಕೈ ನಡುಗ್ತೈತೆ. ನೀವು ಗದರ್ತೀರಿ. ಅವ್ನು ಗದರಲಿಲ್ಲ.”

ನಾಚಿಕೆಯಾಯಿತು. ಬೇರೆ ಮಾತಿನಲ್ಲಿ ಅದನ್ನು ಹೇಳಲಾರೆ. ಇಷ್ಟು ವರ್ಷ ಗಿರಾಕಿಗಳಿಗೆ ಬೈಯುವುದು ನನ್ನ ಹಕ್ಕು, ಅದರಿಂದ ಅವರು ಕಲಿಯುತ್ತಾರೆ ಅಂದುಕೊಂಡಿದ್ದೆ. ಅವರು ಕಲಿತದ್ದು ನನ್ನನ್ನು ಕೇಳದೆ ಇರುವುದನ್ನು.

ಯಜಮಾನರು ರಟ್ಟನ್ನು ಬೆಂಚಿನ ಮೇಲೆ ಬೋರಲು ಹಾಕಿದರು. “ತಪ್ಪು ನಿಮ್ದೂ ಐತೆ, ಆತು. ಆದ್ರೂ ಗಲ್ಲಾದಾಗೆ ಕುಂತೋಳು ಅವ್ಳೇ ಅಲ್ವಾ. ದೀಪಾವಳಿ ಹೊತ್ತಿಗೆ ದಾವಣಗೆರ್ಯೋನಿಗೆ ಏನಾರ ಒಂದ್ ಹೇಳ್ತೀನಿ. ಅಲ್ಲೀಗಂಟ ನೋಡಾಣ.”

ಕಳೆದುಹೋದ ಒಂಬತ್ತು ದಿನಕ್ಕೆ ದಾರಿ ಹುಡುಕಿದವರು ಅಕ್ಕನೇ. ಒಂದು ಕರಿಹಲಗೆ ತಂದು ಅಂಗಡಿ ಮುಂದೆ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಬರೆದರು: ನಮ್ಮ ಕಂಪ್ಯೂಟರಿನಲ್ಲಿ ಮೋಸವಾಗಿ ಬಿಲ್ಲುಗಳು ಹೋಗಿವೆ, ಈಚೆಗೆ ಬೀಜ ಒಯ್ದವರು ತಮ್ಮ ಬಿಲ್ಲು ತಂದು ತೋರಿಸಿ. ಯಜಮಾನರು ಹೌಹಾರಿದರು. “ಮಾನ ಹರಾಜಿಗಿಟ್ಟಂಗೆ ಆತಲ್ಲೇ!” ಅಂದರು. ಅಕ್ಕ, “ಬೀಜ ಹುಟ್ಲಿಲ್ಲ ಅಂತ ನಾಳೆ ಯಾರಾನಾ ಬಂದ್ರೆ ಯಾವ ಲಾಟು ಅಂತ ಹೇಳ್ಲಪ್ಪ? ನಮ್ ಮಾನ ನೋಡ್ಕಂಡು ಅವ್ರ ಹೊಲ ಕಳೆಯಾಕೆ ಆಗ್ತೈತಾ?” ಎಂದು ಕೇಳಿದರು.

ರೈತರು ಬಂದರು. ಬಿಲ್ಲುಗಳು ಅಂಗಿಯ ಒಳಜೇಬಿನಿಂದ, ಎಲೆಅಡಿಕೆ ಚೀಲದಿಂದ, ಪಾಸ್‌ಬುಕ್ಕಿನ ನಡುವಿನಿಂದ ಹೊರಬಂದವು. ಒಬ್ಬರ ಬಿಲ್ಲು ಬೆವರಿಗೆ ನೆನೆದು ಅಕ್ಷರ ಹೋಗಿತ್ತು, ಅವರು ಖಾಲಿ ಬೀಜದ ಚೀಲವನ್ನೇ ಹೊತ್ತು ತಂದರು, ಅದರ ಮೇಲೆ ನಂಬರ್ ಇತ್ತು. ಎರಡು ವಾರದಲ್ಲಿ ಹೆಚ್ಚುಕಡಿಮೆ ಎಲ್ಲವೂ ಮತ್ತೆ ಕಂಪ್ಯೂಟರ್ ಸೇರಿತು. ಬೆಂಚಿನ ಮೇಲಿದ್ದ ಯಜಮಾನರು ಬಂದವರನ್ನೆಲ್ಲ ನೋಡುತ್ತಿದ್ದರು. ಒಬ್ಬರೂ ನಗಲಿಲ್ಲ. ಇಬ್ಬರು ಮೂವರು ಮಾತ್ರ ದನಿ ತಗ್ಗಿಸಿ, ತಮಗೂ ಇಂಥದ್ದೇ ಫೋನ್ ಬಂದಿತ್ತು, ಮನೆಯಲ್ಲಿ ಹೇಳಿಲ್ಲ ಎಂದರಂತೆ.

ನಾನು ಚನ್ನಗಿರಿಗೆ ಬಂದು ಬೇಕರಿಯಿಂದ ಮತ್ತೆ ಬಾಕ್ಸು ತೆಗೆದುಕೊಂಡೆ. ಈ ಸಲ ಬರೆಯುವುದು ಸುಲಭವಾಗಲಿಲ್ಲ. ಮೊದಲು ‘ಅಪರಿಚಿತರಿಗೆ ನಂಬರ್ ಕೊಡಬೇಡಿ’ ಎಂದು ಬರೆದೆ. ಆಮೇಲೆ ಯೋಚಿಸಿದೆ. ಅವನು ಪರಿಚಿತನ ಹಾಗೆಯೇ ಮಾತಾಡಿದನಲ್ಲ? ನಾಳೆ ನನ್ನ ಹೆಸರು ಹೇಳಿಕೊಂಡೇ ಬಂದರೆ? ಹರಿದು ಹಾಕಿದೆ. ಕೊನೆಗೆ ಉಳಿದದ್ದು ಇಷ್ಟು. ಪರದೆ ಕೂಗಿದರೆ ಪ್ಲಗ್ ಕೀಳಿ. ಪರದೆಯ ಮೇಲಿನ ನಂಬರಿಗೆ ಫೋನ್ ಮಾಡಬೇಡಿ. ನಾನಾಗಿ ಎಂದೂ ಫೋನ್ ಮಾಡಿ ನಂಬರ್ ಕೇಳುವುದಿಲ್ಲ, ನಾನೇ ಎಂದು ಯಾರು ಹೇಳಿದರೂ ಕಟ್ ಮಾಡಿ, ನಿಮ್ಮ ಪುಸ್ತಕದಲ್ಲಿರುವ ನನ್ನ ನಂಬರಿಗೆ ನೀವೇ ಮಾಡಿ. ಬಾಣ ಬೇಡದ ಕಡೆ ಹೋದರೆ ಮೌಸ್ ಕಿತ್ತುಕೊಳ್ಳಿ, ವೈರ್ ಕಿತ್ತುಹಾಕಿ, ಏನಾದರೂ ಕೆಟ್ಟರೆ ನಾನು ಸರಿ ಮಾಡುತ್ತೇನೆ, ಬೈಯುವುದಿಲ್ಲ. ಕೊನೆಯ ಪದ ಬರೆಯುವಾಗ ಪೆನ್ನು ಸ್ವಲ್ಪ ತಡೆಯಿತು.

ಆ ರಟ್ಟುಗಳನ್ನು ಹಿಡಿದು ಒಂದೊಂದೇ ಊರಿಗೆ ಹೋದೆ. ಮೊದಲು ಜಗಳೂರು, ಆಮೇಲೆ ತ್ಯಾವಣಿಗೆ, ಸಂತೇಬೆನ್ನೂರು, ಹೊನ್ನಾಳಿ. ಎಲ್ಲ ಕಡೆಯೂ ಹಳೆಯ ರಟ್ಟು ಕಿತ್ತು, ಯಾಕೆ ಕೀಳುತ್ತಿದ್ದೇನೆ ಎಂದು ನಾನೇ ಹೇಳಿದೆ. ದೂರದಿಂದ ನೋಡುವ ಪ್ರೋಗ್ರಾಮನ್ನು ಕೆಲಸವಿಲ್ಲದಾಗ ಮುಚ್ಚಿಡುವಂತೆ ಮಾಡಿದೆ. ಬಿಲ್ಲು ಹಾಕುವ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಬೇಡ ಎಂದೆ. ದಿನದ ನಕಲನ್ನು ಬೇರೆ ಡ್ರೈವಿಗೆ ಹಾಕಿ, ಅದನ್ನು ಕಳಚಿ ಬೀರುವಿನಲ್ಲಿಡಲು ಕಲಿಸಿದೆ. ಹೊನ್ನಾಳಿಯ ಬಟ್ಟೆ ಅಂಗಡಿಯ ಸಾಹೇಬರು ಎಲ್ಲ ಕೇಳಿಸಿಕೊಂಡು, “ಅಂದ್ರೆ ನಿಮ್ಮನ್ನೂ ನಂಬಬಾರ್ದು ಅಂತ ನೀವೇ ಬೋರ್ಡ್ ಹಾಕ್ತಿದೀರಿ?” ಎಂದು ನಕ್ಕರು. ಹೌದು ಎಂದೆ. ನ್ಯಾಮತಿಯ ಹಾರ್ಡ್‌ವೇರ್ ಅಂಗಡಿಯವರು ಮಾತ್ರ ನನ್ನನ್ನು ಬಿಟ್ಟು ಬೇರೆಯವರನ್ನು ನೋಡಿಕೊಂಡರು. ಫೋನನ್ನು ಬೋರಲು ಹಾಕಿದ್ದನ್ನು ಅವರು ಕಣ್ಣಾರೆ ನೋಡಿದ್ದರಲ್ಲ.

ಜಗಳೂರಿನಲ್ಲಿ ಮುಂಗಾರು ಮುಗಿಯಿತು. ಯುಪಿಎಸ್ಸಿಗೆ ಹೊಸ ಬ್ಯಾಟರಿ ಬಂತು. ದಾವಣಗೆರೆಯ ವ್ಯಾಪಾರಿ ಎರಡು ಸಲ ಬಂದು ಬೆಂಚಿನ ಮೇಲೆ ಕೂತು ಹೋದ ಎಂದು ಅಕ್ಕ ಹೇಳಿದರು. ಅಪ್ಪ ಏನು ಹೇಳಿದರೆಂದು ಕೇಳಿದೆ. “ಏನೂ ಹೇಳಲಿಲ್ಲ. ಅದ್ಕೇ ಹೆದ್ರಿಕೆ” ಅಂದರು.

ದೀಪಾವಳಿಗೆ ಹದಿನೈದು ದಿನ ಇರುವಾಗ, ಹಿಂಗಾರಿಗೆ ಕಡಲೆ ಬೀಜದ ವ್ಯಾಪಾರ ನಡೆಯುತ್ತಿದ್ದಾಗ, ಬಿಲ್ಲಿನ ಪ್ರೋಗ್ರಾಮಿನಲ್ಲಿ ಒಂದು ತಪ್ಪು ಇರುವುದು ನನ್ನ ಗಮನಕ್ಕೆ ಬಂತು. ಎಲ್ಲರ ಕಂಪ್ಯೂಟರಿನಲ್ಲೂ ಅದನ್ನು ಸರಿ ಮಾಡಬೇಕಿತ್ತು, ಜಗಳೂರಿನದು ತುರ್ತು. ಹಿಂದಿನ ದಿನವಷ್ಟೇ ನನ್ನ ಫೋನು ನೀರಿನ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಮೇಲಾಗಿ ನೆಗಡಿ, ಜ್ವರ. ಡೈರಿಯಲ್ಲಿದ್ದ ನಂಬರ್ ನೋಡಿ, ಹೆಂಡತಿಯ ಫೋನಿನಿಂದ ಅಕ್ಕನಿಗೆ ಮಾಡಿದೆ. ಗೊತ್ತಿಲ್ಲದ ನಂಬರು, ಎತ್ತಲಿಲ್ಲ. ಯಜಮಾನರಿಗೆ ಮಾಡಿದೆ. ಅವರು ಎತ್ತಿದರು.

“ಯಜಮಾನ್ರೆ, ನಾನ್ರಿ, ಕಂಪ್ಯೂಟರ್‌ನೋನು. ಅಕ್ಕಗೆ ಹೇಳಿ, ಕೆಂಪು ಗುರುತು ಒತ್ತಿ ನಂಬರ್ ಹೇಳ್ಲಿ. ಐದೇ ನಿಮಿಷದ ಕೆಲ್ಸ.”

“ಓಹೋ, ನೀವೇನ್ರಿ! ದನಿ ಯಾಕೋ ಒಡ್ದೈತಲ್ಲ? ಹೇಳ್ತೀನಿ ತಡೀರಿ.” ಫೋನನ್ನು ಸ್ಪೀಕರಿಗೆ ಹಾಕಿದ್ದು ಗೊತ್ತಾಯಿತು, ಅಂಗಡಿಯ ಗದ್ದಲವೆಲ್ಲ ಕೇಳಿಸಿತು. “ಏ ಅವ್ವಿ, ನಮ್ ಕಂಪ್ಯೂಟರ್‌ನೋರು. ನಂಬರ್ ಹೇಳ್ಬೇಕಂತೆ.”

“ಯಾವ್ ನಂಬರಿಂದ ಮಾಡ್ಯಾರಪ್ಪ?”

“ಬ್ಯಾರೇದು. ಆದ್ರೆ ಅವ್ರೇ ಕಣೇ, ದನಿ ನಂಗ್ ಗೊತ್ತಿಲ್ವಾ?”

ಅಷ್ಟರಲ್ಲಿ ಅಕ್ಕ ತಮ್ಮ ಫೋನಿನಿಂದ ಪುಸ್ತಕದಲ್ಲಿದ್ದ ನನ್ನ ನಂಬರಿಗೆ ಮಾಡಿ ನೋಡುತ್ತಿದ್ದರು ಎಂದು ಆಮೇಲೆ ತಿಳಿಯಿತು. ಅದು ಬಕೆಟ್ಟಿನಲ್ಲಿ ಸತ್ತಿತ್ತಲ್ಲ.

“ಪುಸ್ತಕದಾಗಿರೋ ನಂಬರು ಹತ್ತವಲ್ದು. ಆಗಲ್ಲ ಅಂತ ಹೇಳಪ್ಪ.”

ನನಗೆ ಸಿಟ್ಟು ತಲೆಗೆ ಏರಿತು. “ಅಕ್ಕ, ನಾನೇ ಕಣ್ರೀ! ರೋಹಿಣಿ ಮಳೇಲಿ ಬಂದು ಆ ಕಳ್ಳನ ಪಾಸ್‌ವರ್ಡ್ ತೆಗ್ದಿದ್ದು ಯಾರು? ಜ್ವರ ಬಂದೈತ್ರಿ ನಂಗೆ, ಅಲ್ಲೀಗಂಟ ಹೆಂಗೆ ಬರ್ಲಿ? ಇಷ್ಟೂ ತಿಳಿಯಲ್ವೇನ್ರಿ?” ಎಂದು ಕೂಗಿದೆ. ಕೂಗಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಅಕ್ಕನ ದನಿ ಹತ್ತಿರ ಬಂತು. “ನೀವೇ ಆಗಿದ್ರೆ ಬೇಜಾರ್ ಮಾಡ್ಕಬ್ಯಾಡ್ರಿ ಸರ್. ನೀವೇ ಬರ್ದಿರೋದು ಗೋಡೆ ಮ್ಯಾಲೆ ಐತೆ. ಗದರಿದ್ರೂ ಕೊಡಲ್ಲ, ಗದರದಿದ್ರೂ ಕೊಡಲ್ಲ.”

ಇನ್ನು ಯಜಮಾನರು ಏನನ್ನುತ್ತಾರೋ ಎಂದು ಕಾದೆ. ಅವರ ಪರಿಚಯದವನು, ಜ್ವರ ಬಂದವನು, ಮೇಲಾಗಿ ಗಂಡಸು. ಮಗಳಿಗೆ ಬೈದು ನಂಬರ್ ಕೊಡಿಸಿದರೆ ದೀಪಾವಳಿಯವರೆಗೂ ಕಾಯುವುದು ಬೇಡ, ಅವರ ತೀರ್ಮಾನ ಅಲ್ಲೇ ಗೊತ್ತಾಗುತ್ತಿತ್ತು. ಅವರು ಕೆಮ್ಮಿದರು.

“ಕೇಳ್ತಾ ಕಂಪ್ಯೂಟರ್‌ನೋರೆ?” ಎಂದರು. “ನಾನಾಗಿದ್ರೆ ಕೊಟ್ಬಿಡ್ತಿದ್ದೆ. ಅಂಗಡಿ ನಡ್ಸೋಳು ಅವ್ಳು. ಅವ್ಳು ಬ್ಯಾಡ ಅಂದಮ್ಯಾಲೆ ಮುಗೀತು. ಬಸ್ ಹತ್ತಿ ಬಂದ್ಬಿಡ್ರಿ.”

ಹೆಂಡತಿಗೆ ಫೋನು ವಾಪಸು ಕೊಟ್ಟೆ. ಆಗಲ್ಲ ಅನ್ನಿಸಿಕೊಂಡೂ ನಗುತ್ತಿದ್ದೀರಲ್ಲ, ಜ್ವರ ನೆತ್ತಿಗೇರಿತೇ ಎಂದು ಕೇಳಿದಳು. ಒಂದು ಮಾತ್ರೆ ನುಂಗಿ, ಚೀಲ ಹೆಗಲಿಗೆ ಹಾಕಿಕೊಂಡು ದಾವಣಗೆರೆ ಬಸ್ಸು ಹತ್ತಿದೆ.